ಜಮಖಾನದ ಮೇಲೆ ಎರಡು ಟ್ಯಾಂಕು

ಕಳೆದ ದೀಪಾವಳಿ ಮುಗಿದ ವಾರ ನವಲಗುಂದದ ಒಂದು ಮನೆಯಲ್ಲಿ ಮಗ್ಗದಿಂದ ಜಮಖಾನವೊಂದನ್ನು ಇಳಿಸಿದರು. ಅದರ ಮೇಲೆ ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕು ಎರಡಿದ್ದವು. ಗಿರಾಕಿ ಕೇಳಿದ್ದು ಒಂದು.

ಗಿರಾಕಿ ಪುಣೆಯ ನಿವೃತ್ತ ಇಂಜಿನಿಯರ್. ಹಳೆಯ ಯುದ್ಧವಾಹನಗಳ ಪುಟ್ಟ ಮಾದರಿಗಳನ್ನು ಮಾಡಿ ಕಪಾಟಿನಲ್ಲಿ ಇಡುವುದು ಅವರ ಹವ್ಯಾಸ. ಇಲ್ಲಿಯ ಜಮಖಾನಗಳ ಬಗ್ಗೆ ನಾನು ಪತ್ರಿಕೆಗೆ ಬರೆದ ವರದಿಯೊಂದನ್ನು ಯಾರೋ ಅವರಿಗೆ ಓದಿ ಹೇಳಿದ್ದರಂತೆ. ಗೋಡೆಗೆ ತೂಗುಹಾಕಲು ಟ್ಯಾಂಕಿನ ಚಿತ್ರದ ಜಮಖಾನ ಸಿಗುತ್ತದೆಯೇ ಎಂದು ನನ್ನನ್ನು ಕೇಳಿದರು. ನಾನು ಪರಿಚಯದ ಮನೆಯ ಸೊಸೆಯ ನಂಬರು ಕೊಟ್ಟೆ.

ಆ ಮನೆಯಲ್ಲಿ ನೇಯುವವರು ಅತ್ತೆ ಮತ್ತು ಸೊಸೆ. ಮಗಳಾದರೆ ಕಸಬನ್ನು ಬೇರೆ ಊರಿಗೆ ಒಯ್ಯುತ್ತಾಳೆಂದು ಮಗಳಿಗೆ ಕಲಿಸುವುದಿಲ್ಲ, ಸೊಸೆಗೆ ಕಲಿಸುತ್ತಾರೆ. ತಮ್ಮಲ್ಲಿ ಉರ್ದು ಆಡುತ್ತಾರೆ, ನಾನಿದ್ದಾಗ ಕನ್ನಡ. ಅಲ್ಲಿಯವರೆಗೆ ಹುಬ್ಬಳ್ಳಿಯ ವ್ಯಾಪಾರಿ ಹೇಳಿದ್ದನ್ನೇ ನೇಯುತ್ತಿದ್ದರು. ಫೋನಿನಲ್ಲಿ ಬಂದ ಮೊದಲ ಕೆಲಸ ಇದು. ಅತ್ತೆ ನನ್ನ ಮುಂದೆಯೇ ಸೊಸೆಗೆ ಹೇಳಿದರು:

“ಇದೊಂದು ನೋಡ್ತೇನಿ. ಮಾಲು ತಿರುಗಿ ಬಂತಂದ್ರ ನಿನ್ನ ಫೋನಿನ ಧಂದೆ ಬಂದ್. ಮತ್ತ ಹುಬ್ಬಳ್ಳಿ ಸಾಹುಕಾರಂದ ನೇಯೂದು.”

“ತಿರುಗಿ ಬರೂದಿಲ್ಲ ತಗೋರಿ ಅಮ್ಮಾ,” ಎಂದಳು ಸೊಸೆ.

ಪುಣೆಯಿಂದ ಎರಡು ಫೋಟೊ ಬಂದವು, ಜೊತೆಗೆ ಹಿಂದಿಯಲ್ಲಿ ಒಂದು ಸಾಲು: ಎರಡನ್ನೂ ನೋಡಿ, ವ್ಯತ್ಯಾಸ ಗಮನದಲ್ಲಿರಲಿ. ಒಂದರಲ್ಲಿ ಫಿರಂಗಿಯ ನಳಿಕೆ ಮೋಟು. ಇನ್ನೊಂದರಲ್ಲಿ ಉದ್ದ, ತುದಿಯಲ್ಲಿ ಉಬ್ಬು, ಪಕ್ಕದಲ್ಲಿ ಗಾಲಿಗಳನ್ನು ಮುಚ್ಚಿದ ತಗಡು. ಸೊಸೆ ನನ್ನನ್ನು ಕರೆಸಿದಳು.

“ಅಣ್ಣಾರ, ಇದು ಒಂದ ಗಾಡಿ ಏನ್ರಿ, ಬ್ಯಾರೆ ಬ್ಯಾರೆ ಏನ್ರಿ?”

“ಒಂದ ಅಂತ.”

“ಹಂಗಾರ ಮೂಗು ಯಾಕ ಉದ್ದಾತ್ರಿ?”

ಅತ್ತೆ ತಲೆಯೆತ್ತದೆ, “ವಯಸ್ಸಾದಂಗ ಉದ್ದ ಆಗ್ತೈತಿ. ನಿಮ್ಮ ಮಾವನ್ನ ನೋಡಿಲ್ಲೇನ?” ಎಂದರು.

ಮನೆಗೆ ಬಂದು ಆ ಟ್ಯಾಂಕಿನ ಬಗ್ಗೆ ಓದಿದೆ. 1937ರಿಂದ 1945ರವರೆಗೆ ತಯಾರಾದ ಮಧ್ಯಮ ತೂಕದ ಟ್ಯಾಂಕು. ಮೊದಲು ಕಾಲಾಳುಗಳಿಗೆ ಬೆಂಬಲವಾಗಿ ಗುಂಡು ಹಾರಿಸಲು ಮೋಟು ಫಿರಂಗಿ ಕೊಟ್ಟಿದ್ದರು. ರಷ್ಯದ ಟ್ಯಾಂಕುಗಳು ಎದುರಾದ ಮೇಲೆ ಉದ್ದದ್ದು ಬಂತು. ಪಕ್ಕದ ತೆಳುತಗಡು ಇನ್ನೂ ಆಮೇಲಿನದು, ಬಹಳ ಕಡೆ ಕಳಚಿ ಬೀಳುತ್ತಿತ್ತಂತೆ. ಹೀಗೆ ಬದಲಾದ ರೂಪಗಳಿಗೆ ಎ ಇಂದ ಜೆ ವರೆಗೆ ಅಕ್ಷರಗಳಿವೆ, ನಡುವೆ ಐ ಇಲ್ಲ. ಎಫ್-ಎರಡು ಎಂದು ಕರೆದದ್ದನ್ನೇ ಆಮೇಲೆ ಜಿ ಎಂದರು. ಉಕ್ಕು ದಪ್ಪವಾಯಿತು, ತೂಕ ಹೆಚ್ಚಿತು. ಬದಿಗೆ ಎಂಟರಂತೆ ಸಣ್ಣ ಗಾಲಿಗಳು ಮಾತ್ರ ಕೊನೆಯವರೆಗೂ ಉಳಿದವು. ಇಷ್ಟೆಲ್ಲ ಬದಲಾದ ಮೇಲೂ ಅದು ಒಂದೇ ಟ್ಯಾಂಕು ಹೇಗೆ ಎಂದು ಸೊಸೆಗೆ ಹೇಳಲು ನನ್ನಿಂದ ಆಗಲಿಲ್ಲ.

ಮುಂದಿನ ಸಲ ಹೋದಾಗ ನೇಯ್ಗೆ ಶುರುವಾಗಿತ್ತು. ಚಿತ್ರ ಕೆಳಗಿನಿಂದ ಮೇಲೆ ಏಳುತ್ತದೆ, ಹಾಗಾಗಿ ಆಗ ಕಂಡದ್ದು ಗಾಲಿಗಳಷ್ಟೇ. ಎಡಕ್ಕೆ ಎಂಟು, ಬಲಕ್ಕೆ ಎಂಟು. ಟ್ಯಾಂಕಿನ ಎರಡೂ ಮಗ್ಗುಲನ್ನು ಬಿಚ್ಚಿ ಹರವಿದ್ದಾರೆ ಎಂದುಕೊಂಡೆ. ತಗಡು ಎಲ್ಲಿ ಎಂದು ಕೇಳಿದ್ದಕ್ಕೆ ಅತ್ತೆ, “ಗಾಲಿ ಕಾಣದ ಗಾಡಿ ಯಾರ ಮನ್ಯಾಗ ಐತ್ರಿ? ತಗದ್ವಿ,” ಎಂದರು.

ನಳಿಕೆಗಳು ಮೂಡಿದ ಮೇಲೆ ಆದದ್ದೇನೆಂದು ಗೊತ್ತಾಯಿತು. ಎಡಗಡೆ ಮೋಟು, ಬಲಗಡೆ ಉದ್ದ, ಎರಡರ ಬಾಯಿಯೂ ಒಂದರ ಕಡೆಗೊಂದು. ಇಲ್ಲಿಯ ಜಮಖಾನಗಳಲ್ಲಿ ಒಂದು ನವಿಲು ಬಂದರೆ ಎದುರಿಗೆ ಇನ್ನೊಂದು ಬರಲೇಬೇಕು. ಫೋಟೊ ಎರಡು ಬಂದವು, ಜೋಡಿ ಎಂದುಕೊಂಡರು. ಎಡಗಡೆ ಕೂತ ಅತ್ತೆ ಒಂದನ್ನು ನೇಯ್ದರು, ಬಲಗಡೆ ಕೂತ ಸೊಸೆ ಇನ್ನೊಂದನ್ನು.

ಸೊಸೆ ಕಳಿಸಿದ ಜಮಖಾನದ ಫೋಟೊ ನೋಡಿ ಪುಣೆಯವರು ನನಗೆ ಫೋನು ಮಾಡಿದರು. ಬೇಕಾದದ್ದು ಉದ್ದ ನಳಿಕೆಯದು, ಮೋಟು ನಳಿಕೆಯ ಫೋಟೊ ಕಳಿಸಿದ್ದು ಹೀಗೆ ಬೇಡ ಎನ್ನಲು. ಎರಡೂ ಒಂದೇ ಸೈನ್ಯದವು, ಒಂದಕ್ಕೊಂದು ಗುರಿ ಇಟ್ಟು ಯಾಕೆ ನಿಂತಿವೆ ಎಂದರು. ಅದನ್ನೇ ಹೋಗಿ ಅತ್ತೆ ಸೊಸೆಗೆ ಹೇಳಿದೆ.

“ಯಾರು ಗುರಿ ಇಟ್ಟಾರ?” ಅತ್ತೆ ಸಿಟ್ಟಾದರು. “ಮಾರಿ ಮಾರಿ ನೋಡಾಕತ್ತಾವು. ಒಂಟಿ ನಾವು ನೇಯೂದಿಲ್ಲ ಅಂತ ಹೇಳ್ರಿ ಅವರಿಗೆ.”

“ಬಿಚ್ಚಿದ್ರ ಅಮ್ಮಾ?”

“ಬಿಚ್ಚಿದ್ರ ಎಲ್ಲಾ ಬಿಚ್ಚಬೇಕಾಗ್ತೈತಿ. ಬಿಚ್ಚತಿ ಏನ?”

ಅತ್ತೆ ಅವಳನ್ನು ಬಿಟ್ಟು ನನ್ನನ್ನು ನೋಡಿದರು. ತಪ್ಪು ಯಾರದೆಂದು ನಾನು ಹೇಳಬೇಕಿತ್ತು. ಅದರ ಬದಲು ಪುಣೆಯವರ ಕೊನೆಯ ಮಾತನ್ನು ಮುಟ್ಟಿಸಿದೆ. ಕಳಿಸಿ, ಕೈಯಲ್ಲಿ ಹಿಡಿದು ನೋಡಿ ತೀರ್ಮಾನಿಸುತ್ತೇನೆ ಎಂದು ಅವರು ಹೇಳಿದ್ದರು. ಸೊಸೆ ಪಾರ್ಸೆಲ್ ಹೊಲಿದು ಪೋಸ್ಟಿಗೆ ಹಾಕಿ ಬಂದಳು.

ಪಾರ್ಸೆಲ್ ಮುಟ್ಟಿದೆ. ಒಪ್ಪಿದೆ ಎಂದಾಗಲಿ ವಾಪಸು ಕಳಿಸುತ್ತೇನೆ ಎಂದಾಗಲಿ ಮಾತು ಬಂದಿಲ್ಲ. ಸಂಕ್ರಾಂತಿಯ ನಂತರ ಸೊಸೆಯ ಫೋನಿಗೆ ಅವರಿಂದ ಇನ್ನೊಂದು ಫೋಟೊ ಬಂದಿದೆ. ಕೆಳಗೆ ಅವೇ ಎಂಟು ಗಾಲಿ, ಮೇಲೆ ತಿರುಗುವ ಗೋಪುರವಿಲ್ಲ. ತಗ್ಗಾದ ಉಕ್ಕಿನ ಪೆಟ್ಟಿಗೆಯಿಂದ ನಳಿಕೆ ನೇರ ಹೊರಗೆ ಚಾಚಿದೆ. ಜೊತೆಗೆ ಒಂದು ಅಕ್ಷರವೂ ಇಲ್ಲ. ಇದು ಆರ್ಡರಾ ಎಂದು ಸೊಸೆ ಕೇಳಿ ಕಳಿಸಿದ್ದಾಳೆ. ಪುಣೆಯವರು ಅದನ್ನು ನೋಡಿದ್ದಾರೆ, ಉತ್ತರಿಸಿಲ್ಲ. ನಿನ್ನೆ ಹೋದಾಗ ಅತ್ತೆ ಆ ಟ್ಯಾಂಕುಗಳಿಗೆ ಬಳಸಿದ್ದ ಖಾಕಿ ಬಣ್ಣದಲ್ಲೇ ನೂಲು ಅದ್ದುತ್ತಿದ್ದರು.