ಆಯಿಯ ಉಗ್ರಾಣ, ಅತ್ತಿಯ ಯಂತ್ರ

ಆ ದಿನಗಳಲ್ಲಿ ಬೆಂಗೇರಿಯ ನಮ್ಮ ಮನೆಯಲ್ಲಿ ಏನಾದರೂ ಬೇಕಾದರೆ ಯಾರೂ ಹುಡುಕುತ್ತಿರಲಿಲ್ಲ, ಕೇಳುತ್ತಿದ್ದೆವು. ಅಡುಗೆಮನೆಯ ಹಿಂದೆ ಕಿಟಕಿಯಿಲ್ಲದ ಉಗ್ರಾಣವಿತ್ತು. ಅದರೊಳಗೆ ಅಪ್ಪನ ತಾಯಿ, ನಮ್ಮ ಆಯಿ, ಒಬ್ಬಳೇ ಕಾಲಿಡಬೇಕು. ಬೇರೆಯವರ ಕೈ ತಗುಲಿದರೆ ಉಪ್ಪಿನಕಾಯಿ ಕೆಡುತ್ತದೆ ಎಂದು ಅವಳ ನಂಬಿಕೆ. ಅವ್ವ ಸೊಸೆಯಾಗಿ ಬಂದು ವರ್ಷಗಳಾಗಿದ್ದರೂ ಹೊಸ್ತಿಲ ಈಚೆಗೇ ನಿಲ್ಲುತ್ತಿದ್ದಳು. ನಾವು ಹೆಸರು ಹೇಳಿದರೆ ಸಾಕು, ಕತ್ತಲೆಯಲ್ಲಿ ಮುಚ್ಚಳ ಸರಿದ ಸದ್ದಾಗಿ ಪುಠಾಣಿಯೋ ಬೆಲ್ಲವೋ ಹೊರಗೆ ಬರುತ್ತಿತ್ತು. ಜೊತೆಗೆ ಇಂಗು, ಒಣಮೆಣಸಿನಕಾಯಿ, ಹಳೆಯ ಗೋಣಿಚೀಲದ ವಾಸನೆ. ಆ ವಾಸನೆಯನ್ನು ನಾನು ಇವತ್ತಿಗೂ ನಂಬುತ್ತೇನೆ. ಮುಂದೆ ಹೇಳುವುದನ್ನೆಲ್ಲ ಅಷ್ಟು ಖಚಿತವಾಗಿ ನಂಬಲಾರೆ.

ಅಪ್ಪನ ತಂಗಿ ಸುಮಿತ್ರಾ ಅತ್ತಿ ರಾಯಾಪುರದ ಕಡೆ ಒಂದು ಎಣ್ಣೆ ಕಂಪನಿಯ ಆಫೀಸಿನಲ್ಲಿದ್ದಳು. ಆ ಬೇಸಿಗೆಯಲ್ಲಿ ಅಲ್ಲಿಗೆ ಹೊಸ ಕಂಪ್ಯೂಟರ್ ಬಂತು. ಮೇಜಿನ ಮೇಲಿಡುವಂಥದ್ದಲ್ಲ, ದೊಡ್ಡ ಬ್ಯಾಂಕುಗಳು ಇಡೀ ಹಾಲ್ ಕೊಟ್ಟು ಸಾಕುವಂಥದ್ದೂ ಅಲ್ಲ. ಕಪಾಟಿನಷ್ಟು ಎತ್ತರದ, ನಡುವಿನ ಗಾತ್ರದ್ದು, ಮಿಡ್‌ರೇಂಜ್. ದಾಸ್ತಾನು, ಬಿಲ್ಲು, ಪಗಾರ ಎಲ್ಲ ಅದೊಂದರೊಳಗೆ. ಆಫೀಸಿನ ತುಂಬ ಅದಕ್ಕೆ ಜೋಡಿಸಿದ ಪರದೆ, ಕೀಲಿಮಣೆಗಳ ಟರ್ಮಿನಲ್‌ಗಳು. ಅವುಗಳ ಅಕ್ಷರ ಹಸಿರು ಎಂದು ನೆನಪು, ಆದರೆ ನಾನು ಆ ಆಫೀಸಿಗೆ ಹೋಗಿದ್ದೆನೋ ಇಲ್ಲವೋ ಗೊತ್ತಿಲ್ಲ.

ಯಂತ್ರದ ಒಳರಚನೆಯನ್ನು ತನಗೆ ತಿಳಿಯುವಂತೆ ಹೇಳಬಲ್ಲವರನ್ನು ತರಬೇತಿಗೆ ಪುಣೆಗೆ ಕಳಿಸುತ್ತೇನೆ, ಬಂದ ಮೇಲೆ ಯಂತ್ರ ಅವರದೇ ಕೈಗೆ ಎಂದಿದ್ದರು ಮಾಲೀಕರು. ಅತ್ತಿ ಏನನ್ನಾದರೂ ಅಷ್ಟು ಆಸೆಪಟ್ಟದ್ದನ್ನು ನಾನು ಬೇರೆಂದೂ ನೋಡಲಿಲ್ಲ. ಸಂಜೆ ಬಂದವಳೇ ಚಹಾ ಕುಡಿದು, ಹೇಳಿ ರೂಢಿ ಮಾಡಿಕೊಳ್ಳಲು ನನ್ನನ್ನು ಉಗ್ರಾಣದ ಹೊಸ್ತಿಲಲ್ಲಿ ಕೂರಿಸುತ್ತಿದ್ದಳು.

"ನೀ ಈಗ ಟರ್ಮಿನಲ್. ಏನ್ ಬೇಕು, ಹೆಸರು ಹೇಳು."

"ಶೇಂಗಾ."

ಆಯಿ ಒಳಗಿಂದ ಶೇಂಗಾ ತಂದು ನನ್ನ ಅಂಗೈಗೆ ಹಾಕಿದಳು.

"ಎಲ್ಲಿತ್ತು ಅದು?" ಅತ್ತಿ ಕೇಳಿದಳು.

"ನನಗೇನ್ ಗೊತ್ತು?"

"ಗೊತ್ತಿರಬೇಕಾಗಿಲ್ಲ, ಅದ ಮಜಾ. ಬ್ಯಾರೆ ಕಂಪ್ಯೂಟರ್‌ನ್ಯಾಗ ಕೈಯಾಗಿನ ಸಾಮಾನು ಒಂದ ಕಡೆ, ಮೆಮರ್ಯಾಗ; ಎತ್ತಿಟ್ಟಿದ್ದು ಇನ್ನೊಂದ ಕಡೆ, ಡಿಸ್ಕಿನ ಮ್ಯಾಲೆ. ಇದರಾಗ ಹಂಗಿಲ್ಲ. ಎಲ್ಲಾ ಒಂದ ಉಗ್ರಾಣ. ಹೆಸರು ಹೇಳಿದ್ರ ಯಂತ್ರನ ತಂದುಕೊಡತೈತಿ. ಒಂದ ಸಾಮಾನು ಚೂರುಚೂರು ಮಾಡಿ ಎಲ್ಲಾ ಡಿಸ್ಕಿನ ಮ್ಯಾಲೂ ಹಂಚಿಟ್ಟಿರತೈತಿ."

"ನಾನೂ ಶೇಂಗಾ ಹಂಗ ಇಡತೇನಲ್ಲ, ಅರ್ಧ ಕೊಡದಾಗ, ಅರ್ಧ ಚೀಲದಾಗ," ಎಂದಳು ಆಯಿ. "ನಿನ್ನ ಯಂತ್ರಕ್ಕ ಇಲಿ ಕಾಟಾನೂ ಐತೇನ?"

ಅತ್ತಿ ಬಿಡಲಿಲ್ಲ. "ಈಗ ಉಪ್ಪಿನ ಗಡಿಗ್ಯಾಗ ಸಕ್ಕರಿ ಹಾಕ್ರಿ ಅಂತ ಆಯಿಗೆ ಹೇಳು."

ಹೇಳಿದೆ. "ನಿನ್ನ ತಲ್ಯಾಗ ಹಾಕತೇನಿ," ಎಂದಳು ಆಯಿ.

"ನೋಡಿದಿ? ಯಾವುದು ಏನಂತ ಗುರುತಿಟ್ಟಾಳ. ಯಂತ್ರನೂ ಹಂಗ. ಇದು ಲೆಕ್ಕ, ಇದು ಕೆಲಸ ಮಾಡೋ ಪ್ರೋಗ್ರಾಮು. ಒಂದರ ಬದಲಿ ಒಂದನ್ನ ಉಪಯೋಗ ಮಾಡಾಕ ಬಿಡಂಗಿಲ್ಲ."

ಇನ್ನೊಂದು ಸಂಜೆ ನಾನು ಕೇಳಿದೆ. "ಎಲ್ಲಿಟ್ಟೇನಿ ಅನ್ನೋದು ಯಂತ್ರಕ್ಕ ಮರತ್ರ?"

"ಆಗ ಎಲ್ಲಾ ಒಳಗ ಇದ್ರೂ ಯಾವುದೂ ಸಿಗಂಗಿಲ್ಲ. ಒಂದ ಡಿಸ್ಕ್ ಕೆಟ್ಟರೂ ಎಲ್ಲಾ ಸಾಮಾನಿಗೂ ತೂತು ಬೀಳತೈತಿ. ಅದಕ್ಕ ದಿನಾ ಟೇಪಿನ ಮ್ಯಾಲೆ ನಕಲು ತಗದಿಡತಾರ."

ಮಾಲೀಕರ ಮುಂದೆ ಅತ್ತಿ ಇದೇ ಉಗ್ರಾಣವನ್ನು ಬಿಚ್ಚಿಟ್ಟಳಂತೆ. ಅವರು ನಕ್ಕು, ಪುಣೆಗೆ ಅವಳೇ ಹೋಗಲಿ ಎಂದರು. ಮನೆಯಲ್ಲಿ ಆ ದಿನ ಹೋಳಿಗೆ. ಅತ್ತಿಯ ಟ್ರಂಕು ಪಡಸಾಲೆಗೆ ಬಂತು.

ಆ ವಾರದಲ್ಲೇ ಒಂದು ಮಧ್ಯಾಹ್ನ ನಾನು ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕೇಳಿದೆ. ಆಯಿ ಒಳಗೆ ಹೋದಳು. ಮುಚ್ಚಳದ ಸದ್ದು, ಇನ್ನೊಂದು ಮುಚ್ಚಳದ ಸದ್ದು. ಬಹಳ ಹೊತ್ತಾದ ಮೇಲೆ ಹೊರಬಂದು ನನ್ನ ತಟ್ಟೆಗೆ ಪುಡಿ ಹಾಕಿದಳು. ಅದು ಸೀಗೆಪುಡಿ. ನಾನು ತಟ್ಟೆ ಬಿಟ್ಟು ಅವಳ ಮುಖ ನೋಡಿದೆ. ಅವಳು ನನ್ನನ್ನೇ ಕೇಳಿದಳು, "ನೀ ಏನ್ ಕೇಳಿದ್ಯೋ?"

ಮೊದಲು ಎಲ್ಲರೂ ನಕ್ಕೆವು. ಆಮೇಲೆ ಸಾರಿಗೆ ಉಪ್ಪಿನ ಬದಲು ಸಕ್ಕರೆ ಬಿತ್ತು. ಹುಣಸೆಹಣ್ಣು ಇಡೀ ದಿನ ಸಿಗಲಿಲ್ಲ. ಆಯಿ ಉಗ್ರಾಣದ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು, ಯಾರನ್ನೂ ಒಳಗೆ ಬಿಡಲಿಲ್ಲ.

ನಾನು ಅತ್ತಿಯನ್ನು ಕೇಳಿದೆ, "ಆಯಿದು ನಕಲು ತಗದಿಟ್ಟಿಯೇನು?" ಅವಳು ಟ್ರಂಕಿನಿಂದ ಸೀರೆಗಳನ್ನು ಹೊರಗೆ ತೆಗೆಯತೊಡಗಿದಳು.

ಅಪ್ಪ ಹೇಳಿದ, "ನೀ ಹೋಗವಾ, ನಾವು ನೋಡ್ಕೋತೇವಿ."

"ಏನ್ ನೋಡ್ಕೋತಿ ಅಣ್ಣಾ? ಉಪ್ಪು ಎಲ್ಲೈತಿ ಹೇಳು ನೋಡೋಣ."

ಅಪ್ಪ ಅವ್ವನ ಕಡೆ ನೋಡಿದ. ಅವ್ವ ನೆಲ ನೋಡಿದಳು.

ಅತ್ತಿ ಪುಣೆಗೆ ಹೋಗಲಿಲ್ಲ. ಇನ್ಯಾರೋ ಹೋದರು, ಯಂತ್ರ ಅವರ ಕೈಗೆ ಹೋಯಿತು. ಸಂಜೆ ಅವಳು ಹೊಸ್ತಿಲಲ್ಲಿ ಕೂತು ಆಯಿಯ ಜೊತೆ ಸುಮ್ಮನೆ ಮಾತಾಡುತ್ತಿದ್ದಳು. ಒಂದು ದಿನ ಆಯಿ ತಾನಾಗಿಯೇ ಅವಳ ಕೈ ಹಿಡಿದು, "ಬಾ ಒಳಗ," ಎಂದಳು. ಕತ್ತಲೆಯಲ್ಲಿ ಅವಳ ಕೈಯನ್ನು ಒಂದೊಂದು ಗಡಿಗೆಯ ಮೇಲೆ ಇಟ್ಟು ಹೆಸರು ಹೇಳುತ್ತ ಹೋದಳು. ಕೆಲವಕ್ಕೆ ಹೆಸರು ಬರಲಿಲ್ಲ. "ಇದರಾಗ ಏನಿಟ್ಟಿದ್ನವಾ?" ಎಂದು ಮಗಳನ್ನೇ ಕೇಳಿದಳು. ಅತ್ತಿ ಮೂಸಿ ನೋಡಿ ಹೇಳಿದಳು. ಮುಂದಿನ ಮಾವಿನಕಾಯಿ ಬರುವಷ್ಟರಲ್ಲಿ ಆಯಿಗೆ ಅತ್ತಿಯ ಹೆಸರೂ ಉಳಿದಿರಲಿಲ್ಲ.

ಮುಂದೆ ವಿಶ್ವವಿದ್ಯಾಲಯದಲ್ಲಿ ಇಂಥದೇ ಯಂತ್ರಗಳ ರಚನೆಯನ್ನು ಓದಿದೆ. ಅಂದಿನಿಂದ ನನಗೆ ಅನುಮಾನ: ಅತ್ತಿ ಆ ಮಾತುಗಳನ್ನೆಲ್ಲ ಹೇಳಿದ್ದಳೇ, ಇಲ್ಲ ತರಗತಿಯಲ್ಲಿ ಕೇಳಿದ್ದನ್ನು ನಾನೇ ಅವಳ ಬಾಯಲ್ಲಿ ಇಟ್ಟೆನೇ? ಸೀಗೆಪುಡಿ ಬಿದ್ದದ್ದು ಹೋಳಿಗೆಗೆ ಮೊದಲೋ ಆಮೇಲೋ? ಒಮ್ಮೆ ಅವಳನ್ನೇ ಕೇಳಿದೆ.

"ಯಾರಿಗ್ ಗೊತ್ತಪಾ," ಎಂದಳು. "ನೀ ನೆನಪಿಟ್ಟಿಯಲ್ಲ, ನೀನ ಹೇಳು."

ಹೋದ ವರ್ಷ ಅತ್ತಿಯೂ ಹೋದಳು. ಈಗ ಆ ಬೇಸಿಗೆ ಇರುವುದು ನನ್ನೊಬ್ಬನಲ್ಲಿ, ಅದೂ ತೂತು ಬಿದ್ದಂತೆ. ಹಳೆಯ ಉಗ್ರಾಣಕ್ಕೆ ಕಿಟಕಿ ಕೊರೆಸಿದ್ದೇವೆ. ಸಾಮಾನೆಲ್ಲ ಗಾಜಿನ ಡಬ್ಬಿಗಳಲ್ಲಿದೆ. ಬಾಗಿಲಲ್ಲಿ ನಿಂತರೆ ಉಪ್ಪು, ಶೇಂಗಾ, ಹುಣಸೆ ಎಲ್ಲ ಕಾಣುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ಆದರೂ ಮನೆಯಲ್ಲಿ ಯಾರೂ ಇಲ್ಲದಾಗ ಹೊಸ್ತಿಲ ಈಚೆಗೇ ನಿಂತು "ಶೇಂಗಾ" ಎಂದು ಮೆಲ್ಲಗೆ ಅನ್ನುತ್ತೇನೆ. ಸ್ವಲ್ಪ ಹೊತ್ತು ಕಾದು, ಒಳಗೆ ಹೋಗಿ ನಾನೇ ತೆಗೆದುಕೊಳ್ಳುತ್ತೇನೆ.