ಮಿಲ್ಟ್ರಿ ಬಣ್ಣದ ಡಬ್ಬಿ

ನಮ್ಮ ಕೇರಿಯ ಗಂಡಸರೆಲ್ಲ ಎಲೆಅಡಿಕೆ ಹಾಕಿ ಕೆಂಪಗೆ ಉಗುಳುತ್ತಿದ್ದ ಕಾಲದಲ್ಲಿ ನಮ್ಮನೆಯವರೊಬ್ಬರೇ ಹಸಿರು ಉಗುಳುತ್ತಿದ್ದರು. ನಾನು ಸೊರಬದ ಕಡೆಯಿಂದ ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಹೊಸದು. ಇವರು ಮಿಲಿಟರಿಯಿಂದ ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದರು. ಬಂದ ಮೊದಲ ನಾಲ್ಕು ದಿನ ಬೆಳಿಗ್ಗೆ ಹಲ್ಲುಜ್ಜಿ ಕ್ಯಾಕರಿಸಿದರೆ ಬಚ್ಚಲ ಕಲ್ಲಿನ ಮೇಲೆ ಹಸಿರು. ನಮ್ಮತ್ತೆ ಅದನ್ನು ನೋಡಿ, ಮಗನಿಗೆ ಅಲ್ಲಿ ಬರೀ ಸೊಪ್ಪು ತಿನ್ನಿಸುತ್ತಾರೆ ಅಂತ ಮರುಗಿ, ರಜೆ ಮುಗಿಯುವ ತನಕ ಮನೆಯಲ್ಲಿ ಸೊಪ್ಪಿನ ಸಾರು ನಿಲ್ಲಿಸಿದರು. ನಾನೂ ನಂಬಿದೆ. ಆಗ ನನಗೆ ಇಪ್ಪತ್ತು ವರ್ಷ, ಗಂಡ ಏನು ಉಗುಳಿದರೂ ಚೆಂದ.

ಅದು ಸೊಪ್ಪಲ್ಲ, ಬಣ್ಣ. ಇವರಿದ್ದದ್ದು ಗಾಡಿ ರಿಪೇರಿಯ ವರ್ಕ್‌ಶಾಪಿನಲ್ಲಿ. ಜೀಪು, ಲಾರಿಗಳಿಗೆ ಹಸಿರು ಬಣ್ಣ ಸ್ಪ್ರೇ ಹೊಡೆಯುವುದು ಇವರ ಕೆಲಸ. ಹಸಿ ಬಣ್ಣದ ಮೇಲೆ ಧೂಳು ಕೂರಬಾರದೆಂದು ಶೆಡ್ಡಿನ ಕಿಟಕಿ, ಬಾಗಿಲು ಎಲ್ಲ ಮುಚ್ಚಿ, ಮೂಗಿಗೊಂದು ಕರ್ಚೀಫು ಕಟ್ಟಿಕೊಂಡು ಹನ್ನೊಂದು ವರ್ಷ ಹೊಡೆದರು. ಒಂದು ಸಲ ರಜೆಗೆ ಬರುವಾಗ ಟ್ರಂಕಿನೊಳಗೆ ಅರ್ಧ ಡಬ್ಬಿ ಬಣ್ಣವನ್ನೂ ಇಟ್ಟುಕೊಂಡು ಬಂದರು. ಕಂಡಮ್ ಮಾಲು, ಕೆಲಸಕ್ಕೆ ಬಾರದ್ದು ಅಂತ ಬರೆದು ಎಸೆಯೋದಿತ್ತು ಅಂದರು. ಬಾಗಿಲು, ಮಂಚ, ಅಕ್ಕಿ ಪೆಟ್ಟಿಗೆ, ಕೊನೆಗೆ ಎಮ್ಮೆಗೆ ಕಲಗಚ್ಚು ಇಡುವ ಬಾನಿ, ಒಂದನ್ನೂ ಬಿಡದೆ ಬಳಿದರು. ಇನ್ನು ವೈರಿ ವಿಮಾನ ಬಂದರೂ ನಿಮ್ಮ ಎಮ್ಮೆ ಬಾನಿ ಕಾಣೋದಿಲ್ಲ ಬಿಡ್ರಿ ಅಂತ ಪಕ್ಕದ ಮನೆಯವರು ನಕ್ಕರು. ಖಾಲಿ ಡಬ್ಬಿಗೆ ಅತ್ತೆ ಮೊಳೆ, ಚಿಲಕ, ತುಕ್ಕು ಹಿಡಿದ ಬೀಗ ತುಂಬಿ ಅಟ್ಟಕ್ಕೆ ಹಾಕಿದರು.

ಸರ್ವೀಸು ಮುಗಿಸಿ ಬಂದಮೇಲೆ ಇವರು ಊರಿನ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸಕ್ಕೆ ಸೇರಿದರು. ಕುರ್ಚಿ ಕೊಟ್ಟಿದ್ದರು, ಕೂರುತ್ತಿರಲಿಲ್ಲ. ಓಡಾಡಲು ಒಂದು ಹಳೆ ಬೈಕು ಕೊಂಡರು. ಆ ಬೈಕಿಗೆ ಎಂಥ ದೆವ್ವ ಹಿಡಿದಿತ್ತೋ, ದಿನಾ ಬೆಳಿಗ್ಗೆ ಕಾಲು ಗಂಟೆ ಹಿತ್ತಲಲ್ಲಿ ನಿಲ್ಲಿಸಿ ಭರ್ರೋ ಅಂತ ರೇಸು ಕೊಟ್ಟ ಮೇಲೇ ಹೊರಡುವುದು. ಇಂಜಿನ್ನು ಬಿಸಿಯಾಗಬೇಕು ಅನ್ನುತ್ತಿದ್ದರು. ನಾನು ಬಸ್‌ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ಕನ್ನು ಮೂರು ಸಲ ಮನೆಗೆ ಕರೆಸಿದೆ. ಮೂರನೆಯ ಸಲ ಆತ ಸ್ಪಾನರನ್ನು ಕೈಗೇ ತೆಗೆದುಕೊಳ್ಳಲಿಲ್ಲ.

"ಅಕ್ಕಾರ, ಗಾಡಿಗೆ ಏನೂ ಆಗಿಲ್ರಿ. ಅಣ್ಣಾರ್ನ ಡಾಕ್ಟ್ರಿಗೆ ತೋರಿಸ್ರಿ. ಅವ್ರು ರೇಸ್ ಕೊಡಾದು ಕೆಮ್ಮು ಕೇಳಬಾರ್ದು ಅಂತ" ಅಂದ.

ಮಾರನೆಯ ಬೆಳಿಗ್ಗೆ ಹಿತ್ತಲ ಬಾಗಿಲ ಸಂದಿಯಿಂದ ನೋಡಿದೆ. ಆಕ್ಸಿಲರೇಟರು ಹಿಂಡುತ್ತ, ಬೈಕಿನ ಮೇಲೆ ಬಾಗಿಕೊಂಡು ಕೆಮ್ಮುತ್ತಿದ್ದರು. ನನಗೆ ಸಿಟ್ಟು ಬಂತು, ಪೆಟ್ರೋಲಿಗಿರುವ ರೇಟಿಗೆ ಯಾರಾದರೂ ಹೀಗೆ ಕೆಮ್ಮುತ್ತಾರೆಯೇ? ಅದೇ ದಿನ ಶಿವಮೊಗ್ಗದ ಬಸ್ಸು ಹತ್ತಿಸಿದೆ. ಡಾಕ್ಟರು ಎದೆಯ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ಏನು ಕೆಲಸ ಮಾಡ್ತಿದ್ರಿ ಅಂತ ಕೇಳಿದರು. ಇವರು ಬಣ್ಣದ ಶೆಡ್ಡಿನ ಕಥೆ ಹೇಳುತ್ತಿದ್ದಂತೆ ಅವರು ಪೆನ್ನು ಕೆಳಗಿಟ್ಟರು. ಶ್ವಾಸಕೋಶ ಗಟ್ಟಿಯಾಗಿದೆ, ಹೋದದ್ದು ಮತ್ತೆ ಬರೋದಿಲ್ಲ, ನಿಲ್ಲುವ ಕೆಲಸ ಬಿಡಿಸಿ, ಮಿಲಿಟರಿಯವರಿಗೆ ಬರೆಯಿರಿ ಅಂದರು.

ಬರೆದೆವು. ಬಳ್ಳಿಗಾವಿಯಲ್ಲಿ ಒಬ್ಬ ನಿವೃತ್ತ ಸುಬೇದಾರರಿದ್ದಾರೆ, ಸುತ್ತಲಿನ ಮಾಜಿ ಸೈನಿಕರ ಅರ್ಜಿಯೆಲ್ಲ ಅವರದೇ ಕೈಬರಹ. ಕಾಯಿಲೆ ಸೇವೆಯಿಂದ ಬಂತು ಅಂತ ಒಪ್ಪಿದರೆ ಅಂಗವೈಕಲ್ಯ ಪಿಂಚಣಿ ಸಿಗುತ್ತದೆ, ಇವರು ಬ್ಯಾಂಕಿನ ಬಾಗಿಲು ಬಿಟ್ಟು ಮನೆಯಲ್ಲಿ ಕೂರಬಹುದು ಅಂತ ಅವರು ಬಿಡಿಸಿ ಹೇಳಿದರು. ನನಗೆ ಬೇಕಾದದ್ದೂ ಅಷ್ಟೇ. ಈ ಮನುಷ್ಯ ಒಮ್ಮೆ ಕೂರಬೇಕು.

ಉತ್ತರ ಬಂತು. ಬಿಡುಗಡೆಯ ಹೊತ್ತಿನ ತಪಾಸಣೆಯಲ್ಲಿ ಇವರು ಪೂರ್ತಿ ಆರೋಗ್ಯವಂತರು ಅಂತ ದಾಖಲೆ ಇದೆಯಂತೆ. ಇದ್ದೇ ಇರುತ್ತದೆ. ಸೀಕು ಅಂತ ಬರೆಸಿಕೊಂಡು ಮನೆಗೆ ಹೋಗುವುದು ನಾಚಿಕೆ ಅಂತ ಈ ಮಹಾಶಯರು ತಪಾಸಣೆಗೆ ಒಂದು ವಾರ ಮೊದಲಿಂದ ಜೇನುತುಪ್ಪ, ಮೆಣಸು ನೆಕ್ಕಿ, ಕೆಮ್ಮು ತಡೆಯುವ ಅಭ್ಯಾಸ ಮಾಡಿದ್ದರಂತೆ. ಅದನ್ನು ನನಗೆ ಹೆಮ್ಮೆಯಿಂದ ಹೇಳಿದರು. ಕಾಗದದ ಕೆಳಗೆ ಇನ್ನೊಂದು ಸಾಲಿತ್ತು. ಈ ಕಾಯಿಲೆ ಹಳ್ಳಿ ಮನೆಯ ಒಲೆ ಹೊಗೆಯಿಂದಲೂ ಬಂದಿರಬಹುದು.

ನನ್ನ ಒಲೆ! ಮದುವೆಯಾದ ಎರಡನೆಯ ವರ್ಷದಿಂದ ನಮ್ಮ ಮನೆಯಲ್ಲಿ ಗ್ಯಾಸು. ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ ಗಂಡನ ಎದೆ ಸುಡಲು ನಾನೇನು ಅಡುಗೆಮನೆಯಲ್ಲಿ ಇಟ್ಟಿಗೆ ಸುಡುತ್ತಿದ್ದೆನೇ? ಇವರೋ, ಸರ್ಕಾರ ಬರೆದಿದೆ ಅಂದಮೇಲೆ ಇರಬಹುದು ಅಂದುಬಿಟ್ಟರು. ಹುಟ್ಟಿದ್ದು ಬ್ರಿಟಿಷ್ ಸರ್ಕಾರಕ್ಕೇ ತಿರುಗಿಬಿದ್ದ ಈಸೂರಿನಲ್ಲಿ. ಆ ಊರಿನವರಾಗಿ ಸರ್ಕಾರಕ್ಕೆ ಎದುರಾಡಲು ಬಾರದ ಗಂಡಸು ಇವರೊಬ್ಬರೇ ಇರಬೇಕು, ಅವರೇ ನನಗೆ ಗಂಟುಬಿದ್ದಿದ್ದು.

ಸುಬೇದಾರರು ಮೇಲ್ಮನವಿ ಬರೆದರು. ಮತ್ತೊಮ್ಮೆ ತಪಾಸಣೆಗೆ ಕರೆಯುತ್ತಾರೆ, ಆದರೆ ಯಾವ ಬಣ್ಣ, ಅದರೊಳಗೆ ಏನಿತ್ತು ಅಂತ ತೋರಿಸಿದರೆ ಕೈ ಬಲವಾಗುತ್ತದೆ, ಆ ಕಾಲದ ರಿಜಿಸ್ಟರೆಲ್ಲ ಈಗ ಎಲ್ಲಿ ಸಿಗಬೇಕು ಅಂತ ತಲೆ ಕೆರೆದುಕೊಂಡರು. ಚಹಾ ಕುಡಿಯುತ್ತಿದ್ದ ನನಗೆ ಅಟ್ಟ ನೆನಪಾಯಿತು. ಮನೆಗೆ ಬಂದು ಏಣಿ ಹತ್ತಿದೆ. ಡಬ್ಬಿಯ ಮೈಮೇಲೆ ಮಿಲಿಟರಿಯ ಗುರುತು, ಕೆಳಗೆ ಅದರಲ್ಲೇನಿದೆ ಅನ್ನುವ ಪಟ್ಟಿ, ಅದರ ಕೆಳಗೆ ಮಾಸ್ಕಿಲ್ಲದೆ, ಗಾಳಿಯಾಡದ ಕಡೆ ಬಳಸಬಾರದು ಅನ್ನುವ ಎಚ್ಚರಿಕೆ. ಎಲ್ಲ ಅಚ್ಚುಕಟ್ಟಾಗಿ ಉಳಿದಿತ್ತು.

ಇವರು ಡಬ್ಬಿ ನೋಡಿ ಬೆವರಿದರು. ಸರ್ಕಾರಿ ಮಾಲು ಕದ್ದೆ ಅಂತ ನಾನೇ ಹೋಗಿ ಸಾಕ್ಷಿ ಕೊಡಬೇಕಾ, ಇಷ್ಟು ವರ್ಷ ಒಂದು ಕಪ್ಪು ಚುಕ್ಕೆ ಇಲ್ಲದ ಸರ್ವೀಸು ನನ್ನದು ಅಂದರು. ಕಂಡಮ್ ಮಾಲು ಅಂದಿರಲ್ಲ ಅಂದೆ. ಕಂಡಮ್ ಅಂತ ಬರೆದಿದ್ದ ಡಬ್ಬಿ ಪಕ್ಕದ್ದು ಅಂದರು. ಆಮೇಲೆ ಅದನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಸಂಜೆ ಹುಚ್ಚರಾಯನ ಕೆರೆಗೆ ಎಸೆದು ಬರುತ್ತೇನೆ ಅಂತ ಬಾಗಿಲ ಬಳಿ ಇಟ್ಟು ಬ್ಯಾಂಕಿಗೆ ಹೋದರು. ಸಂಜೆ ಎಸೆದೂ ಬಂದರು. ಎಸೆದದ್ದು ನಮ್ಮತ್ತೆಯ ಕಾಲದ ಡಾಲ್ಡಾ ಡಬ್ಬಿ. ಮೊಳೆ, ಬೀಗ ಎಲ್ಲ ಅದಕ್ಕೇ ಸುರಿದಿದ್ದೆ, ತೂಕದಲ್ಲಿ ಮೋಸ ಆಗಬಾರದಲ್ಲ.

ತಪಾಸಣೆಗೆ ಕರೆ ಬಂದ ಮೇಲೆ ನಾನು ಅಡುಗೆಮನೆಯಲ್ಲಿ ಇವರಿಗೆ ಪಾಠ ಶುರು ಮಾಡಿದೆ. ಮಿಲಿಟರಿಯಲ್ಲಿ ಸಾಹೇಬರು ಹೇಗಿದ್ದೀಯ ಅಂದರೆ ಒಂದೇ ಉತ್ತರ, ಫಸ್ಟ್ ಕ್ಲಾಸ್ ಸರ್. ಕಾಲು ಮುರಿದಿದ್ದರೂ ಅದೇ. ಆ ಚಾಳಿ ಬಿಡಿಸಬೇಕಿತ್ತು. ನಾನು ಸೌಟು ಹಿಡಿದು ಕರ್ನಲ್ ಆದೆ. ಹೇಗಿದ್ದೀರಿ ಅಂದರೆ, ಮೆಟ್ಟಿಲು ಹತ್ತೋಕೆ ಆಗಲ್ಲ, ಉಸಿರು ಸಾಲಲ್ಲ ಅನ್ನಬೇಕು. ಇಷ್ಟೇ ಪಾಠ. ಇವರು ಎದೆ ಸೆಟೆಸಿ ಹಿಮ್ಮಡಿ ಕೂಡಿಸಿ ನಿಂತು, ಪ್ರತಿ ಸಲವೂ ಫಸ್ಟ್ ಕ್ಲಾಸ್ ಸರ್ ಅನ್ನುತ್ತಿದ್ದರು. ಹತ್ತು ದಿನ ಹೇಳಿಸಿದೆ. ಒಂದನೇ ಕ್ಲಾಸಿನ ಮಕ್ಕಳೇ ವಾಸಿ.

ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಇವರನ್ನು ಒಳಗೆ ಕರೆದು ನನ್ನನ್ನು ಹೊರಗೆ ಕೂರಿಸಿದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಮೂವರು ಡಾಕ್ಟರು, ನಡುವೆ ಕೂತಿದ್ದವರು ಹೆಂಗಸು. ಹೇಗಿದ್ದೀರಿ ಅಂತ ಅವರು ಕೇಳಿದ್ದು ಕಿವಿಗೆ ಬಿತ್ತು. ಫಸ್ಟ್ ಕ್ಲಾಸ್ ಮೇಡಂ ಅಂದದ್ದೂ ಬಿತ್ತು. ಹತ್ತು ದಿನದ ಪಾಠದಲ್ಲಿ ಸರ್ ಹೋಗಿ ಮೇಡಂ ಬಂದಿತ್ತು, ಅಷ್ಟೇ ಲಾಭ. ಇವರ ಮಾತ್ರೆ ನನ್ನ ಹತ್ತಿರ ಉಳಿದಿದೆ ಅಂತ ಬಾಗಿಲಿನವನಿಗೆ ಸುಳ್ಳು ಹೇಳಿ ಒಳಗೆ ನುಗ್ಗಿದವಳೇ, ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿದೆ. ಹುಚ್ಚರಾಯನ ಕೆರೆಯ ತಳದಲ್ಲಿರಬೇಕಾದದ್ದು ಎದುರಿಗೆ ಬಂದಾಗ ಇವರ ಮುಖ ನೋಡಬೇಕಿತ್ತು.

ಡಾಕ್ಟರಮ್ಮ ನಮ್ಮ ಕಡೆಯ ಭಾಷೆ ಬಲ್ಲವರು. ಡಬ್ಬಿ ತಿರುಗಿಸಿ ತಿರುಗಿಸಿ ಓದಿ, ಇದು ನಿಮಗೆ ಎಲ್ಲಿ ಸಿಕ್ಕಿತು ಅಂತ ಕೇಳಿದರು.

"ನಾನು ಕದ್ದಿದ್ದು ಅಮ್ಮಾ" ಅಂದೆ.

ಶಿವಮೊಗ್ಗ ದಾಟಿದ್ದೇ ಅವತ್ತು ಮೊದಲು. ಮಿಲಿಟರಿ ಸ್ಟೋರಿಗೆ ಹೋಗಿ ಹೇಗೆ ಕದ್ದೆ ಅಂತ ಕೇಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಕೇಳುವ ಪ್ರಸಂಗ ಬರಲಿಲ್ಲ. ಇವರು ಸೆಟೆದು ನಿಂತರು.

"ಇಲ್ಲ ಮೇಡಂ. ಅವಳು ಸುಳ್ಳು ಹೇಳ್ತಾಳೆ. ಕದ್ದೋನು ನಾನು" ಅಂದರು.

ಆಮೇಲೆ ತಪ್ಪೊಪ್ಪಿಗೆ ಶುರುವಾಯಿತು. ಹೆಂಡತಿಯ ಹತ್ತಿರ ಸಹ ಇಷ್ಟು ಮಾತು ಆಡಿದವರಲ್ಲ. ಯಾವ ಶೆಡ್ಡು, ದಿನಕ್ಕೆ ಎಷ್ಟು ಗಾಡಿ, ಕಿಟಕಿ ಯಾಕೆ ಮುಚ್ಚುತ್ತಿದ್ದದ್ದು, ಮಧ್ಯಾಹ್ನ ರೊಟ್ಟಿಗೂ ಬಣ್ಣದ ರುಚಿ ಇರುತ್ತಿದ್ದದ್ದು, ಡಬ್ಬಿ ಟ್ರಂಕಿಗೆ ಹೇಗೆ ಬಂತು ಅನ್ನುವುದು, ಎಲ್ಲ. ಮೂರು ನಿಮಿಷ ಆಗಿತ್ತೋ ಇಲ್ಲವೋ, ಕೆಮ್ಮು ಹಿಡಿಯಿತು. ನಿಲ್ಲಲಿಲ್ಲ. ಮೇಜು ಹಿಡಿದುಕೊಂಡು ಬಾಗಿದರು. ಆಗ ನನಗೆ ಕಂಡಿತು, ಇವರ ಬಲಗೈ ಗಾಳಿಯಲ್ಲೇ ಆಕ್ಸಿಲರೇಟರು ತಿರುವುತ್ತಿತ್ತು. ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡೆ.

ಡಾಕ್ಟರಮ್ಮ ತಾವೇ ಎದ್ದು ನೀರು ಕೊಟ್ಟರು, ಕೂರಿಸಿದರು. ಯಾರು ಕದ್ದಿದ್ದು ಅನ್ನೋದನ್ನ ಮನೆಗೆ ಹೋಗಿ ತೀರ್ಮಾನ ಮಾಡ್ಕೊಳ್ಳಿ, ಡಬ್ಬಿ ಇಲ್ಲೇ ಇರಲಿ ಅಂದರು. ಉಸಿರು ತಿರುಗುತ್ತಲೇ ಇವರು ಕೇಳಿದ ಮೊದಲ ಮಾತು, ಮಾಲು ವಾಪಸು ಕೊಟ್ಟಿದ್ದಕ್ಕೆ ಒಂದು ರಸೀದಿ ಸಿಗಬಹುದಾ ಅಂತ. ಅವರು ನಗದೆ ಬರೆದುಕೊಟ್ಟರು. ಆ ರಸೀದಿ ಈಗಲೂ ಇವರ ಡಿಸ್ಚಾರ್ಜ್ ಪುಸ್ತಕದೊಳಗಿದೆ.

ಐದು ತಿಂಗಳಾದ ಮೇಲೆ ಕಾಗದ ಬಂತು. ಕಾಯಿಲೆ ಸೇವೆಯಿಂದಲೇ ಬಂದದ್ದು ಅಂತ ಒಪ್ಪಿದ್ದರು. ಇವರು ಎರಡು ಸಲ ಓದಿ, ಡಬ್ಬಿಯ ಸುದ್ದಿ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. ನಾನು ಇನ್ನೆರಡು ಸಲ ಓದಿಸಿ, ಒಲೆಯ ಸುದ್ದಿ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಪೇಡ ತಂದು ಕೇರಿಗೆಲ್ಲ ಹಂಚಿದೆ. ಎಂತ ವಿಶೇಷ ಅಂತ ಕೇಳಿದವರಿಗೆ, ನಮ್ಮನೆಯವರಿಗೆ ಕಾಯಿಲೆ ಇದೆ ಅಂತ ಒಪ್ಕೊಂಡ್ರು ಅಂದೆ. ಪಕ್ಕದ ಮನೆಯಾಕೆ ಪೇಡ ತಿನ್ನಬೇಕೋ ಬೇಡವೋ ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು ನಿಂತಳು. ಆ ತಿಂಗಳೇ ಇವರು ಬ್ಯಾಂಕಿನ ಕೆಲಸ ಬಿಟ್ಟರು.

ಬಿಟ್ಟ ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಬೈಕಿನ ಸದ್ದಿಲ್ಲ. ಕಾಫಿ ಹಿಡಿದು ಹೊರಗೆ ಬಂದರೆ ಜಗಲಿಯ ಮೇಲೆ ಕೂತಿದ್ದರು. ಹೌದು, ಕೂತಿದ್ದರು. ಕೂತು ಕೆಮ್ಮುತ್ತಿದ್ದರು, ನನ್ನ ಎದುರಿಗೇ, ಯಾವ ಮುಚ್ಚುಮರೆ ಇಲ್ಲದೆ. ಸರ್ಕಾರವೇ ಒಪ್ಪಿದ ಮೇಲೆ ಇನ್ನು ಯಾರಿಂದ ಬಚ್ಚಿಡಬೇಕು? ನಾನು ಪಕ್ಕದಲ್ಲಿ ಕೂತು ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಅಂತ ಕಾದೆ. ಕಾಫಿ ಆರಿತು. ಇಷ್ಟೊಂದಿತ್ತು ಅಂತ ನನಗೆ ಗೊತ್ತಿರಲಿಲ್ಲ.

ನಿಂತ ಮೇಲೆ ಬೆನ್ನು ಸವರಿ, ಹೇಗಿದ್ದೀರಿ ಅಂತ ಕೇಳಿದೆ. ಇವರು ಬಾಯಿ ತೆರೆದರು. ಫಸ್ಟ್ ಕ್ಲಾಸ್ ಅಂತಾರೆ ಅಂದುಕೊಂಡೆ. ದೇವರೇ, ಅದನ್ನೇ ಅನ್ನಲಿ ಅಂತಲೂ ಅಂದುಕೊಂಡೆ.

"ಮೆಟ್ಟಿಲು ಹತ್ತೋಕೆ ಆಗಲ್ಲ ಕಣೇ. ಉಸಿರು ಸಾಲಲ್ಲ" ಅಂದರು.

ನಾನು ಸೌಟು ಹಿಡಿದು ಹತ್ತು ದಿನ ಕಲಿಸಿದ್ದ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ್ದರು.