ಖಾಲಿ ಗೋದಲಿ

ಅವರ ಅಂಗೈಗಳು ಸ್ಯಾನಿಟೈಸರ್ ಹಚ್ಚಿ ಹಚ್ಚಿ ಬಿರುಕು ಬಿಟ್ಟಿದ್ದವು. ಬಿರುಕುಗಳಲ್ಲಿ ರಕ್ತ ಒಸರುತ್ತಿತ್ತು. ತಾಂಜಾನಿಯಾದಿಂದ ಗಂಡ ಮತ್ತು ಒಬ್ಬನೇ ಮಗನೊಂದಿಗೆ ಬಂದು ದೊಮ್ಮಲೂರಿನ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದರು. ಮಗನ ಲಿವರ್ ಕೆಟ್ಟಿತ್ತು. ಗಂಡ ತಮ್ಮದರಲ್ಲಿ ಒಂದು ಭಾಗ ಕೊಡುವವರಿದ್ದರು. ನಾವೆಲ್ಲ ಆಕೆಯನ್ನು 'ಮೇಲಿನಮ್ಮ' ಎನ್ನುತ್ತಿದ್ದೆವು.

ಅವರಿಗೆ ಬರುತ್ತಿದ್ದ ಕನ್ನಡವೆಂದರೆ 'ಊಟ ಆಯ್ತಾ?' ಮಾತ್ರ. ಎಲ್ಲದಕ್ಕೂ ಅದೇ.

"ಹೊತ್ತು ಹುಟ್ಟೋಕ್ ಮುಂಚೆ ಯಾವ್ ಊಟ ಅಕ್ಕಾ?" ಎಂದು ಆಟೋದವನು ನಕ್ಕರೆ ಅವರೂ ನಗುತ್ತಿದ್ದರು. ಉಳಿದ ಮಾತೆಲ್ಲ ಇಂಗ್ಲಿಷಿನಲ್ಲಿ.

ಡಿಸೆಂಬರಿನಲ್ಲಿ ಆಪರೇಷನ್ ಆಯಿತು. "ನಮ್ಮೂರಲ್ಲಿ ಹಬ್ಬಕ್ಕೆ ಆಡು ಕೊಯ್ತೀವಿ. ಈ ವರ್ಷ ಗಂಡನನ್ನೇ ಕೊಯ್ಸಿದೆ" ಎಂದರು. ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಗಂಡ ಮನೆಗೆ ಬಂದು ಮಲಗಿದರು. ಮಗ ಐಸಿಯುನಲ್ಲೇ ಉಳಿದ.

ಕ್ರಿಸ್‌ಮಸ್ಸಿಗೆ ಮಹಡಿಯಲ್ಲಿ ಕೇಕ್ ಇರಲಿಲ್ಲ, ಹಾಡು ಇರಲಿಲ್ಲ. ಔಷಧಿಯ ರಟ್ಟಿನ ಪೆಟ್ಟಿಗೆಯೊಳಗೊಂದು ಗೋದಲಿ ಇತ್ತು. ಹುಲ್ಲು, ಹಸು, ಮರಿಯಮ್ಮ, ಜೋಸೆಫರು. ಬಾಲಯೇಸು ಮಾತ್ರ ಇಲ್ಲ. ಪಾಯಸ ಕೊಡಲು ಹೋದ ನನ್ನ ಅಮ್ಮ, ಕೊಳ್ಳಲು ಪುರುಸೊತ್ತಾಗಿಲ್ಲವೇನೋ ಎಂದುಕೊಂಡರು. ಶಿವಾಜಿನಗರದ ಚರ್ಚಿನ ಮುಂದಿನ ಅಂಗಡಿಯಿಂದ ಪುಟ್ಟ ಬಾಲಯೇಸುವನ್ನು ತಂದು, ಆಕೆ ಆಸ್ಪತ್ರೆಗೆ ಹೋಗಿದ್ದಾಗ ಹುಲ್ಲಿನ ಮೇಲೆ ಮಲಗಿಸಿ ಬಂದರು.

ಸಂಜೆ ಮೆಟ್ಟಿಲ ಮೇಲಿಂದ ಕೂಗು ಕೇಳಿತು. "ಯಾರು ಇಟ್ಟದ್ದು? ತೆಗೆಯಿರಿ!"

ಅವರ ಮನೆಯಲ್ಲಿ ಬಾಲಯೇಸುವನ್ನು ಗೋದಲಿಯಲ್ಲಿ ಮಲಗಿಸುವುದು ಮನೆಯ ಕಿರಿಯರು. ಮಗನ ಕೈಗೆ ಕೊಡಬೇಕಾದ ಮೂರ್ತಿ ಕರವಸ್ತ್ರದಲ್ಲಿ ಸುತ್ತಿ ಅವರ ಕೈಚೀಲದಲ್ಲಿತ್ತು. "ಅವನೇ ಬಂದು ಇಡ್ತಾನೆ. ಬೇರೆಯವರು ಇಟ್ಟರೆ ಅವನು ಬರುವುದಿಲ್ಲ ಅಂತ ಅರ್ಥ."

ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ಅಮ್ಮ ಓಡಿಹೋಗಿ ತೆಗೆದರು. "ತಪ್ಪಾಯ್ತು ಕಣಮ್ಮಾ, ನಂಗೊತ್ತಿರ್ಲಿಲ್ಲ."

ಕೂಗಾಡಿದ್ದಕ್ಕೆ ಆಕೆಯೂ ಏನೋ ಹೇಳಬೇಕೆಂದು ಹೊರಟರು. ಅಮ್ಮನ ಕೈ ಹಿಡಿದು, ಅಳುತ್ತ, "ಊಟ ಆಯ್ತಾ?" ಎಂದರು.

ಹೊಸ ವರ್ಷ ಬಂತು. ಬೀದಿಯ ಮನೆಗಳಲ್ಲಿ ಹಬ್ಬಕ್ಕೆ ತೂಗುಹಾಕಿದ್ದ ನಕ್ಷತ್ರಗಳು ಇಳಿದವು. ಮಹಡಿಯ ಗೋದಲಿ ಖಾಲಿಯಾಗಿಯೇ ಇತ್ತು. ಒಂದು ಮಧ್ಯಾಹ್ನ ಆಕೆ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು.

"ನನಗೆ ಇಂಗ್ಲಿಷಿನಲ್ಲಿ 'ಸ್ಟೇಬಲ್' ಅಂತಾರೆ. ತಮ್ಮತಮ್ಮಲ್ಲಿ ಕನ್ನಡದಲ್ಲಿ ಮಾತಾಡುವಾಗ ಮುಖ ಬೇರೆ ಇರುತ್ತೆ. ನೀವು ಕನ್ನಡದಲ್ಲೇ ಕೇಳಿ. ಮೆತ್ತಗೆ ಮಾಡಿ ಹೇಳಬೇಡಿ, ನೀವು ಪತ್ರಿಕೆಯವರು."

ನರ್ಸ್ ಕಾರಿಡಾರಿನಲ್ಲಿ ದನಿ ತಗ್ಗಿಸಿದರು. "ಹೊಸ ಲಿವರ್ ಕೆಲಸ ಮಾಡ್ತಿಲ್ಲ ಸಾರ್. ಇನ್ನೇನೂ ಮಾಡೋಕಾಗಲ್ಲ. ಅಮ್ಮನ್ನ ಮನೆಗೆ ಕಳಿಸ್ಬೇಡಿ, ಇಲ್ಲೇ ಇರ್ಲಿ."

ನಾನು ಒಂದು ಪದವನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಅಳಲಿಲ್ಲ. ಕೈಚೀಲದಿಂದ ಬಾಲಯೇಸುವನ್ನು ತೆಗೆದು, ಒಳಗೆ ಒಯ್ಯಬಹುದೇ ಎಂದು ನನ್ನಿಂದ ಕೇಳಿಸಿದರು. ನರ್ಸ್ ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಟ್ಟರು. ಗಾಜಿನ ಈಚೆಯಿಂದ ನೋಡಿದೆ. ಮಗನ ಬೆರಳುಗಳನ್ನು ಮೂರ್ತಿಯ ಸುತ್ತ ಮಡಿಸಿ, ಅವುಗಳ ಮೇಲೆ ತಮ್ಮ ಕೈಯಿಟ್ಟು, ಅವನಿಂದಲೇ ಅವನ ಎದೆಯ ಮೇಲೆ ಮಲಗಿಸಿದರು. ಸಂಜೆಯೆಲ್ಲ ಅಲ್ಲೇ ಕೂತಿದ್ದರು.

ಮರುದಿನ ಹುಡುಗ ತೀರಿಕೊಂಡ. ಗಂಡ ಹೆಂಡತಿ ಅವನ ದೇಹದೊಂದಿಗೆ ಊರಿಗೆ ಮರಳಿದರು.

ಸಂಕಟದಲ್ಲಿರುವವರಿಗೆ ಎಲ್ಲ ಸರಿಹೋಗುತ್ತದೆ ಎಂದು ಹೇಳಲು ಹೊರಟಾಗಲೆಲ್ಲ ನನಗೆ ಮೇಲಿನಮ್ಮನ ನೆನಪಾಗುತ್ತದೆ. ಅದರ ಬದಲು 'ಊಟ ಆಯ್ತಾ?' ಎನ್ನುತ್ತೇನೆ.